ಲೆಕ್ಕದ ಕಟ್ಟೆ: ಹಿಡಿದ ದುಡ್ಡು ವಾಪಸ್ ಬರುತ್ತಾ, ಮೇಡಂ?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯ ಕೇಳಿವೆ. ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ತೆರಿಗೆಯಲ್ಲಿ ಏನಾದರೂ ಸಿಗುತ್ತಾ? ಸಿಕ್ಕರೆ ಯಾರಿಗೆ? ಇಲ್ಲಿರುವ ಉತ್ತರಗಳು ಮೊನ್ನೆ ಮಾರ್ಚ್‌ಗೆ ಮುಗಿದ 2025-26ನೇ ಸಾಲಿನ ದುಡಿಮೆಗೆ ಸಂಬಂಧಿಸಿದವು. ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್‌ಗಳು ಬದಲಾಗಿವೆ, ನಿಜ. ಆದರೆ ಹೋದ ವರ್ಷದ ಲೆಕ್ಕ ನಡೆಯುವುದು 1961ರ ಕಾಯ್ದೆಯ ಮೇಲೆಯೇ. ಹಾಗಾಗಿ ಹಳೇ ನಂಬರ್‌ಗಳನ್ನೇ ಬಳಸಿದ್ದೇನೆ.

ಪ್ರಶ್ನೆ: ದಾವಣಗೆರೆಯ ಒಂದು ಖಾಸಗಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಮೇಡಂ. ತಿಂಗಳಿಗೆ 22,000 ರೂಪಾಯಿ ಅಂತ ಮಾತಾಗಿದೆ. ಅಕೌಂಟಿಗೆ ಬರುವುದು 19,800. ಕೇಳಿದರೆ "ಟ್ಯಾಕ್ಸ್ ಕಟ್ ಆಗಿದೆ, ಸರ್ಕಾರಕ್ಕೆ ಹೋಯ್ತು" ಅಂತಾರೆ. ನನ್ನ ಸಂಬಳಕ್ಕೂ ತೆರಿಗೆ ಉಂಟಾ? ಆ ದುಡ್ಡು ಹೋದಂತೆಯೇ ಲೆಕ್ಕವಾ?
— ನಿಟುವಳ್ಳಿಯಿಂದ ಒಬ್ಬ ಓದುಗರು

ಉತ್ತರ: ಹೋಗಿಲ್ಲ ತಂಗೀ. ಸರ್ಕಾರದ ಹತ್ತಿರ ನಿಮ್ಮ ಪ್ಯಾನ್ ನಂಬರಿನ ಮೇಲೆ ಜಮೆ ಆಗಿ ಕೂತಿದೆ. ನೀವು ಕೇಳಲಿಲ್ಲ, ಅವರು ಕೊಡಲಿಲ್ಲ. ಅಷ್ಟೇ.

ನಿಮ್ಮ ಲೆಕ್ಕ ನೋಡಿ. ವರ್ಷಕ್ಕೆ 2,64,000 ರೂಪಾಯಿ. ತೆರಿಗೆ ಲೆಕ್ಕ ಹಾಕಲು ಹಳೇದು, ಹೊಸದು ಎಂದು ಎರಡು ಪದ್ಧತಿ ಇವೆ, ಇದು ಮೇಲೆ ಹೇಳಿದ ಹೊಸ ಕಾಯ್ದೆಯ ಮಾತಲ್ಲ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಅಂದರೆ ನೀವು ಕಟ್ಟಬೇಕಾದ್ದು ಸೊನ್ನೆ. ಹಿಡಿದದ್ದು ಹತ್ತು ಪರ್ಸೆಂಟ್, 26,400 ರೂಪಾಯಿ. ಅಷ್ಟೂ ವಾಪಸ್ ಬರಬೇಕಾದ ದುಡ್ಡು. ನಿಮ್ಮ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ!

ಹಾಗಾದರೆ ಯಾಕೆ ಹಿಡಿದರು? ಮೊದಲು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಹೋಗಿ ನಿಮ್ಮ 26ಎಎಸ್ ತೆಗೆಯಿರಿ. ಅದೊಂದು ಪಾಸ್‌ಬುಕ್ ಇದ್ದ ಹಾಗೆ. ನಿಮ್ಮ ಹೆಸರಲ್ಲಿ ಯಾರು, ಯಾವ ತಾರೀಖು, ಎಷ್ಟು ತೆರಿಗೆ ಕಟ್ಟಿದ್ದಾರೆ ಎಂದು ಸಾಲುಸಾಲಾಗಿ ಇರುತ್ತದೆ. ಹಿಡಿದ ದುಡ್ಡಿನ ಪಕ್ಕದಲ್ಲಿ ಸೆಕ್ಷನ್ ಎಂಬ ಕಾಲಂ ಇದೆ. ಅಲ್ಲಿ 192 ಎಂದಿದ್ದರೆ ಸಂಬಳ. ನಿಮ್ಮದರಲ್ಲಿ ಹೆಚ್ಚಾಗಿ 194ಜೆ ಎಂದಿರುತ್ತದೆ, ಅಂದರೆ ವೃತ್ತಿ ಶುಲ್ಕ. ಪ್ರತಿದಿನ ಬೆಳಗ್ಗೆ ಹೋಗಿ, ಹಾಜರಿ ಹಾಕಿ, ಅವರು ಹೇಳಿದ ಶಿಫ್ಟ್‌ನಲ್ಲಿ ರಕ್ತ ತೆಗೆಯುವ ನಿಮ್ಮನ್ನು ಕಾಗದದ ಮೇಲೆ ಹೊರಗಿನಿಂದ ಬಂದು ಹೋಗುವ ಕನ್ಸಲ್ಟೆಂಟ್ ಎಂದು ತೋರಿಸಿದ್ದಾರೆ. ನೌಕರರು ಎಂದು ತೋರಿಸಿದರೆ ಪಿಎಫ್, ಗ್ರಾಚ್ಯುಟಿ ಮಾತು ಬರುತ್ತದಲ್ಲ, ಅದನ್ನು ತಪ್ಪಿಸುವ ದಾರಿ ಇದು. ನಮ್ಮೂರಲ್ಲಿ ಇದು ಈಗ ಜಾಸ್ತಿ ಆಗಿದೆ. ಸಂಬಳವೇ ಆಗಿದ್ದರೆ 22,000ಕ್ಕೆ ಒಂದು ರೂಪಾಯಿ ತೆರಿಗೆಯನ್ನೂ ಹಿಡಿಯುವ ಹಾಗಿರಲಿಲ್ಲ. ವೃತ್ತಿ ಶುಲ್ಕ ಎಂದಾಗ ವರ್ಷಕ್ಕೆ 50,000 ದಾಟಿದರೆ ಹತ್ತು ಪರ್ಸೆಂಟ್ ಹಿಡಿಯಲೇಬೇಕು. ನಿಮ್ಮ ಒಟ್ಟು ಆದಾಯ ಎಷ್ಟು, ತೆರಿಗೆ ಬರುತ್ತಾ ಎಂಬುದನ್ನು ಹಿಡಿಯುವವರು ನೋಡುವುದಿಲ್ಲ.

26ಎಎಸ್‌ನಲ್ಲಿ ಎಂಟ್ರಿ ಇಲ್ಲವೇ ಇಲ್ಲ ಅಂದರೆ ಅದು ಬೇರೆ ಕಥೆ. ನಿಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟಿಲ್ಲ ಎಂದರ್ಥ. ಆಗ ಫಾರ್ಮ್ 16ಎ, ಅಂದರೆ ತೆರಿಗೆ ಹಿಡಿದದ್ದಕ್ಕೆ ಕೊಡುವ ಪ್ರಮಾಣಪತ್ರ, ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ನಾಳೆ, ನಾಡಿದ್ದು ಎಂದು ಸಾಗಹಾಕುತ್ತಾರೆ.

ಎಂಟ್ರಿ ಇದ್ದರೆ ರಿಟರ್ನ್ ಹಾಕಿ, ಅಂದರೆ ವರ್ಷದ ಆದಾಯ ಮತ್ತು ತೆರಿಗೆಯ ಲೆಕ್ಕವನ್ನು ಇಲಾಖೆಗೆ ಸಲ್ಲಿಸಿ. ಬೇರೆ ದಾರಿ ಇಲ್ಲ, ಅರ್ಜಿ ಬರೆದರೆ ಬರುವುದಿಲ್ಲ. ಸಂಬಳದವರು ಹಾಕುವ ಐಟಿಆರ್-1 ಎಂಬ ರಿಟರ್ನ್ ಫಾರ್ಮ್ ನಿಮಗೆ ಬರುವುದಿಲ್ಲ, ಯಾಕೆಂದರೆ ನಿಮ್ಮ ಆದಾಯ ಕಾಗದದಲ್ಲಿ ಸಂಬಳವಲ್ಲ. ಐಟಿಆರ್-4 ಅಥವಾ 3 ಹಾಕಬೇಕು. ಯಾವುದು ಎನ್ನುವುದು ನಿಮ್ಮ ಕೆಲಸವನ್ನು ಯಾವ ಬಗೆ ಎಂದು ತೋರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇದೊಂದನ್ನು ಮಾತ್ರ ತಿಳಿದವರ ಹತ್ತಿರ ಕೂತು ಮಾಡಿಸಿ. ಪೋರ್ಟಲ್‌ನಲ್ಲಿ ರಿಟರ್ನ್ ಹಾಕುವುದಕ್ಕೆ ಸರ್ಕಾರ ದುಡ್ಡು ಕೇಳುವುದಿಲ್ಲ. ಪ್ಯಾನ್‌ಗೆ ಆಧಾರ್ ಲಿಂಕ್ ಆಗಿರಲಿ. ಬ್ಯಾಂಕ್ ಅಕೌಂಟನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಡಿ. ಹೆಸರಿನ ಇನಿಶಿಯಲ್ ಬ್ಯಾಂಕಿನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು ಇದ್ದು ರೀಫಂಡ್ ಸಿಕ್ಕಿಹಾಕಿಕೊಳ್ಳುವುದು ನಮ್ಮ ಕಡೆ ತೀರಾ ಮಾಮೂಲು. ರಿಟರ್ನ್ ಹಾಕಿದ ಮೇಲೆ 30 ದಿನದ ಒಳಗೆ ಆಧಾರ್ ಒಟಿಪಿ ಕೊಟ್ಟು ಇ-ವೆರಿಫೈ ಮಾಡಬೇಕು. ಇದನ್ನು ಮರೆತರೆ ಹಾಕಿದ ರಿಟರ್ನ್ ಹಾಕದಂತೆಯೇ.

ಜುಲೈ ಒಳಗೇ ಮುಗಿಸಿಬಿಡಿ. ಗಡುವಿನೊಳಗೆ ಹಾಕಿದರೆ ರೀಫಂಡ್ ಮೇಲೆ ಏಪ್ರಿಲ್‌ನಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿಯೂ ಸಿಗುತ್ತದೆ. ತಡವಾದರೆ ಡಿಸೆಂಬರ್ 31ರವರೆಗೆ ಅವಕಾಶವಿದೆ. ಆದರೆ ಹಿಡಿದ ತೆರಿಗೆ 25,000 ಅಥವಾ ಜಾಸ್ತಿ ಇದ್ದರೆ ಆದಾಯ 4 ಲಕ್ಷದ ಒಳಗಿದ್ದರೂ ರಿಟರ್ನ್ ಹಾಕಲೇಬೇಕು, ಹಾಗಾಗಿ ತಡವಾದರೆ ನಿಮಗೆ 1,000 ರೂಪಾಯಿ ದಂಡ ಬೀಳುತ್ತದೆ.

ಇನ್ನು ಹಿಂದಿನ ಎರಡು ವರ್ಷದ್ದು. ಅವುಗಳ ಡಿಸೆಂಬರ್ ದಾಟಿಹೋಗಿದೆ. ಅಪ್‌ಡೇಟೆಡ್ ರಿಟರ್ನ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿ ರೀಫಂಡ್ ಕೇಳುವಂತಿಲ್ಲ. ತಡವನ್ನು ಮನ್ನಿಸಿ ಎಂದು ಸೆಕ್ಷನ್ 119ರ ಕೆಳಗೆ ಕೇಳಿಕೊಳ್ಳಬಹುದು. ಅಸೆಸ್‌ಮೆಂಟ್ ವರ್ಷ, ಅಂದರೆ ದುಡಿದ ವರ್ಷದ ಮುಂದಿನ ವರ್ಷ, ಮುಗಿದು ಐದು ವರ್ಷದ ಒಳಗೆ ಕೇಳಬೇಕು. ಅಧಿಕಾರಿ ಒಪ್ಪಿದರೆ ಮಾತ್ರ ಸಿಗುತ್ತದೆ. ಎರಡು ವರ್ಷ ಸೇರಿ ಐವತ್ತು ಸಾವಿರ ದಾಟುವ ಮೊತ್ತ, ಕೇಳದೆ ಬಿಡಬೇಡಿ.

ಪ್ರಶ್ನೆ: 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ವಾಟ್ಸಾಪ್‌ನಲ್ಲಿ ಓದಿದೆ. ನನ್ನ ಆದಾಯ 6 ಲಕ್ಷ. ರಿಟರ್ನ್ ಹಾಕುವ ಗೊಡವೆಯೇ ಬೇಡ ಅಲ್ವಾ?
— ಹರಿಹರದಿಂದ

ಉತ್ತರ: ಬೇಕು. 4 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವುದು ಒಂದು. 12 ಲಕ್ಷದವರೆಗೆ ಬಂದ ತೆರಿಗೆಯನ್ನು ಮನ್ನಾ ಮಾಡುವುದು ಇನ್ನೊಂದು. ನಿಮ್ಮ 6 ಲಕ್ಷದಲ್ಲಿ 4 ಲಕ್ಷ ಕಳೆದು ಉಳಿದ 2 ಲಕ್ಷಕ್ಕೆ ಐದು ಪರ್ಸೆಂಟ್, 10,000 ರೂಪಾಯಿ ತೆರಿಗೆ ಬರುತ್ತದೆ. 87ಎ ಎಂಬ ರಿಬೇಟ್ ಆ 10,000ವನ್ನು ಅಳಿಸುತ್ತದೆ. ಅಳಿಸುವ ಕೆಲಸ ಆಗುವುದು ರಿಟರ್ನ್‌ನಲ್ಲಿ. 12 ಲಕ್ಷ ಇದ್ದವರಿಗೆ ಬರುವ 60,000ದವರೆಗೂ ಹೀಗೆ ಅಳಿಸುತ್ತಾರೆ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮೊದಲೇ ಕಳೆಯುವುದರಿಂದ ಅವರಿಗೆ ಈ ಗೆರೆ 12.75 ಲಕ್ಷ.

ಎರಡು ಮಾತು ಜೊತೆಗೆ. ಈ ರಿಬೇಟ್ ಭಾರತದಲ್ಲಿ ವಾಸವಿರುವ ವ್ಯಕ್ತಿಗಳಿಗೆ ಮಾತ್ರ. ದುಬೈನಲ್ಲಿ ಕೆಲಸದಲ್ಲಿದ್ದುಕೊಂಡು ವಿದ್ಯಾನಗರದ ಮನೆ ಬಾಡಿಗೆ ತೋರಿಸುವವರಿಗೆ ಇಲ್ಲ. ಶೇರು ಕೊಂಡು ವರ್ಷದೊಳಗೆ ಮಾರಿ ಬಂದ ಲಾಭದ ತೆರಿಗೆಗೂ ಇದು ತಾಗುವುದಿಲ್ಲ. ಮೊಬೈಲ್‌ನಲ್ಲಿ ಶೇರು ಆಡುವ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ಸ್ವಂತ ಟಾಟಾ ಏಸ್ ಓಡಿಸುತ್ತೇನೆ. ಎಣ್ಣೆ ಮಿಲ್‌ಗಳ ಡಬ್ಬಿ ಬಾಡಿಗೆಯೇ ಜಾಸ್ತಿ. ಡೀಸೆಲ್, ಕಂತು ಕಳೆದು ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ಉಳಿಯುತ್ತೆ. ಇನ್ನೊಂದು ಗಾಡಿಗೆ ಬ್ಯಾಂಕಿನವರು ಎರಡು ವರ್ಷದ ಐಟಿ ರಿಟರ್ನ್ ಕೇಳುತ್ತಿದ್ದಾರೆ. ಮನೆಯಲ್ಲಿ ಅವ್ವ, ಹೆಂಡತಿ ಇಬ್ಬರೂ "ಐಟಿ ಹಾಕಿದ್ರೆ ಗೃಹಲಕ್ಷ್ಮಿ ನಿಲ್ಲುತ್ತೆ, ರೇಷನ್ ಕಾರ್ಡ್ ಹೋಗುತ್ತೆ, ಸುಮ್ನಿರು" ಅಂತಾರೆ. ಏನು ಮಾಡಲಿ?

ಉತ್ತರ: ಈ ಭಯ ನಿಮ್ಮೊಬ್ಬರದಲ್ಲ. ಮೂರನ್ನೂ ಬಿಡಿಸಿ ಹೇಳುತ್ತೇನೆ.

ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಮ್ಮ ಆದಾಯಕ್ಕೆ ತೆರಿಗೆ ಸೊನ್ನೆ. ಗೃಹಲಕ್ಷ್ಮಿ ನಿಯಮ ಹೇಳುವುದು ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು ಎಂದು. ಎರಡರ ಮಾತು ಬೇರೆ ಬೇರೆ ಇದೆ, ಗಮನಿಸಿ. ಆದಾಯ ತೆರಿಗೆಗೆ ಪಾವತಿ, ಜಿಎಸ್‌ಟಿಗೆ ರಿಟರ್ನ್. ಯಾರದೋ ಮಾತು ಕೇಳಿ ಸುಮ್ಮನೆ ಜಿಎಸ್‌ಟಿ ನಂಬರ್ ಮಾಡಿಸಿಕೊಂಡು ಕೂತಿದ್ದರೆ ಅದೇ ನಿಮಗೆ ತೊಂದರೆ. ಪಟ್ಟಿಯಲ್ಲಿ ತಪ್ಪಾಗಿ ಹೆಸರು ಸೇರಿ ದುಡ್ಡು ನಿಂತರೆ, ರಿಟರ್ನ್ ಪ್ರತಿ ಮತ್ತು ತೆರಿಗೆ ಸೊನ್ನೆ ಎಂದು ಇಲಾಖೆಯಿಂದ ಬರುವ ಇಂಟಿಮೇಷನ್ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ.

ಬಿಪಿಎಲ್ ಕಾರ್ಡ್ ವಿಷಯದಲ್ಲಿ ನಿಮ್ಮ ಅವ್ವನ ಮಾತು ಪೂರ್ತಿ ತಪ್ಪಲ್ಲ. ಅಲ್ಲಿ ತೆರಿಗೆ ಕಟ್ಟುವ ಪ್ರಶ್ನೆ ಒಂದೇ ಅಲ್ಲ, ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು ಎಂಬ ಮಿತಿ ಇದೆ. ನೀವು ಹೇಳಿದ ಲೆಕ್ಕದಲ್ಲಿ ಅದು ಈಗಾಗಲೇ ದಾಟಿದೆ, ರಿಟರ್ನ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಗಾಡಿ ಇದೆ ಎಂಬ ಕಾರಣಕ್ಕೆ ಹೆದರಬೇಡಿ. ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಒಂದಕ್ಕೆ. ನೀವು ಎರಡನೆಯದಕ್ಕೆ ಸಾಲ ಕೇಳುತ್ತಿದ್ದೀರಿ. ಒಂದು ಸಮಾಧಾನ ಏನೆಂದರೆ ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ. ಕಾರ್ಡಿನ ಬಣ್ಣ ಬದಲಾದ ಮಾತ್ರಕ್ಕೆ ಆ 2,000 ನಿಲ್ಲಬೇಕಿಲ್ಲ.

ತೆರಿಗೆ ಕಡೆಗೆ ಬಂದರೆ ನಿಮಗೆ ಸುಲಭದ ದಾರಿ 44ಎಇ. ಹತ್ತು ಗಾಡಿಯ ಒಳಗಿರುವ ಮಾಲೀಕರಿಗೆ ಪುಸ್ತಕ, ಬಿಲ್ಲು ಇಡುವ ತಲೆನೋವಿಲ್ಲ. ನಿಮ್ಮಂಥ ಸಣ್ಣ ಗಾಡಿಗೆ ತಿಂಗಳಿಗೆ 7,500, ವರ್ಷಕ್ಕೆ 90,000 ಆದಾಯ ಎಂದು ತೋರಿಸಿದರೆ ಸಾಕು ಎನ್ನುವ ಲೆಕ್ಕ. ಆದರೆ ನಿಜವಾಗಿ ದುಡಿದದ್ದು ಅದಕ್ಕಿಂತ ಜಾಸ್ತಿ ಎಂದು ನೀವೇ ಹೇಳುವುದಾದರೆ ಜಾಸ್ತಿಯನ್ನೇ ತೋರಿಸಬೇಕು. ಬ್ಯಾಂಕಿನವರು ಸಾಲ ಅಳೆಯುವುದೂ ಆ ಅಂಕಿಯ ಮೇಲೆಯೇ. ರೇಷನ್ ಅಂಗಡಿಯಲ್ಲಿ ಬಡವ, ಬ್ಯಾಂಕಿನಲ್ಲಿ ಸಾಹುಕಾರ ಎಂದು ಒಂದೇ ಪ್ಯಾನ್ ನಂಬರಿನಲ್ಲಿ ಎರಡು ವೇಷ ಹಾಕಲು ಈಗ ಆಗುವುದಿಲ್ಲ ತಮ್ಮಾ. ಇಲಾಖೆಗಳು ಪಟ್ಟಿ ಹೋಲಿಸಿ ನೋಡುತ್ತಿವೆ. ಎರಡನೇ ಗಾಡಿ ನಿಜವಾಗಿ ಲಾಭ ತರುತ್ತದೆ ಎಂದು ನಿಮಗೆ ಗಟ್ಟಿಯಿದ್ದರೆ, ನನ್ನ ಕೇಳಿದರೆ, ರಿಟರ್ನ್ ಹಾಕಿ, ಕಾರ್ಡಿನ ಆಸೆ ಬಿಡಿ. ಗಟ್ಟಿಯಿಲ್ಲದಿದ್ದರೆ ಸಾಲವನ್ನೇ ಬಿಡಿ.

ಮಿಲ್‌ನವರು ಬಾಡಿಗೆಯಲ್ಲಿ ಒಂದು ಪರ್ಸೆಂಟ್ ಹಿಡಿಯುತ್ತಿದ್ದರೆ, ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಪ್ಯಾನ್ ಸಮೇತ ಕೊಡಿ. ಆಮೇಲೆ ಹಿಡಿಯುವ ಹಾಗಿಲ್ಲ. ಹಿಡಿದದ್ದು ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ನನ್ನ ಸಂಬಳ 24,000. ಪ್ರತಿ ತಿಂಗಳು 200 ರೂಪಾಯಿ ವೃತ್ತಿ ತೆರಿಗೆ ಎಂದು ಹಿಡಿಯುತ್ತಾರೆ. ಸರಿಯಾ?
— ಚಿತ್ರದುರ್ಗ

ಉತ್ತರ: ಸರಿಯಲ್ಲ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಹಿಡಿದ ದುಡ್ಡಿನ ಲೆಕ್ಕ ಕೇಳಿ. ಆದರೆ ಕೇಳುವ ಮೊದಲು ಪೇ ಸ್ಲಿಪ್ ನೋಡಿಕೊಳ್ಳಿ. ಓವರ್‌ಟೈಮ್, ಭತ್ಯೆ ಸೇರಿ 25,000 ಮುಟ್ಟಿದ ತಿಂಗಳಾದರೆ ಅವರು ಹಿಡಿದದ್ದು ಸರಿ.

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಮೇಲೆ ಇದ್ದಾನೆ, ಗೋದಾಮಿನಲ್ಲಿ ಕೆಲಸ, ಎರಡು ಮಕ್ಕಳು. ತಾನು ಕಟ್ಟಿದ ತೆರಿಗೆಗಿಂತ ಜಾಸ್ತಿ ದುಡ್ಡು ಸರ್ಕಾರ ವಾಪಸ್ ಕೊಟ್ಟಿತು ಎಂದು ಫೋನ್‌ನಲ್ಲಿ ಹೇಳಿದ. ನಂಬುವ ಮಾತಾ? ಇಲ್ಲೂ ಇದೆಯಾ?
— ಕೆ.ಟಿ.ಜೆ. ನಗರದ ನಿವೃತ್ತ ಮಿಲ್ ಕಾರ್ಮಿಕರು

ಉತ್ತರ: ನಂಬಬಹುದು ಯಜಮಾನ್ರೇ, ನಿಮ್ಮ ತಮ್ಮ ಬುರುಡೆ ಬಿಟ್ಟಿಲ್ಲ. ಅಲ್ಲಿ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್ ಎಂಬುದು 1975ರಿಂದ ಇದೆ. ಕಡಿಮೆ ಕೂಲಿಗೆ ದುಡಿಯುವವರಿಗೆ ತೆರಿಗೆ ಇಲಾಖೆಯೇ ರಿಟರ್ನ್ ಮೂಲಕ ಕೊಡುವ ದುಡ್ಡು. ಮೊದಲು ಬಂದ ತೆರಿಗೆಯನ್ನು ಅಳಿಸುತ್ತದೆ, ಅಳಿಸಿ ಮಿಕ್ಕದ್ದು ಕೈಗೆ ಬರುತ್ತದೆ. ದುಡಿಯದೆ ಮನೆಯಲ್ಲಿ ಕೂತವರಿಗೆ ಇಲ್ಲ. ದುಡಿಮೆ ಏರಿದಂತೆ ಒಂದು ಮಟ್ಟದವರೆಗೆ ಕ್ರೆಡಿಟ್ ಏರುತ್ತದೆ, ಸ್ವಲ್ಪ ದೂರ ಹಾಗೇ ನಿಲ್ಲುತ್ತದೆ, ಆಮೇಲೆ ಸಂಬಳ ಹೆಚ್ಚಿದಷ್ಟೂ ಇಳಿದು ಸೊನ್ನೆ ಆಗುತ್ತದೆ. 2025ರ ಲೆಕ್ಕಕ್ಕೆ ಎರಡು ಮಕ್ಕಳಿದ್ದವರಿಗೆ ಹೆಚ್ಚೆಂದರೆ 7,152 ಡಾಲರ್, ಮೂರು ಅಥವಾ ಜಾಸ್ತಿ ಮಕ್ಕಳಿದ್ದರೆ 8,046. ಮಕ್ಕಳಿಲ್ಲದವರಿಗೆ ಬರೀ 649, ಅದೂ 25ರಿಂದ 64 ವಯಸ್ಸಿನವರಿಗೆ.

ಕಟ್ಟುಪಾಡು ಬಿಗಿಯಾಗಿದೆ. ತಮಗೆ, ಹೆಂಡತಿಗೆ, ಮಕ್ಕಳಿಗೆ ಎಲ್ಲರಿಗೂ ಕೆಲಸಕ್ಕೆ ಅರ್ಹವಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಬೇಕು. ಮಕ್ಕಳು ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಅಮೆರಿಕದಲ್ಲೇ ಅವರ ಜೊತೆ ಇದ್ದಿರಬೇಕು. ಅಜ್ಜಿ ಮನೆ ಎಂದು ದಾವಣಗೆರೆಯಲ್ಲೇ ಬಿಟ್ಟು ಬೆಳೆಸಿದ ಮಕ್ಕಳನ್ನು ಲೆಕ್ಕಕ್ಕೆ ತೋರಿಸುವಂತಿಲ್ಲ. ಬಡ್ಡಿ, ಡಿವಿಡೆಂಡ್ ಥರದ ಆದಾಯ 11,950 ಡಾಲರ್ ದಾಟಿದರೂ ಸಿಗುವುದಿಲ್ಲ. ನಿಮ್ಮ ತಮ್ಮನಿಗೆ ಇಲ್ಲಿ ಜಮೀನಿನ ಗುತ್ತಿಗೆ ದುಡ್ಡೋ ಎಫ್‌ಡಿ ಬಡ್ಡಿಯೋ ಬರುತ್ತಿದ್ದರೆ ಅದನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು ಎಂದು ನೆನಪಿಸಿ.

ನಮ್ಮಲ್ಲಿ ಇಂಥದ್ದಿಲ್ಲ. ನಮ್ಮ 87ಎ ತೆರಿಗೆಯನ್ನು ಸೊನ್ನೆವರೆಗೆ ಇಳಿಸುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸೊನ್ನೆಯಿಂದ ಆಚೆಗೆ ಕೈಗೆ ಕೊಡುವುದಿಲ್ಲ. ರಿಟರ್ನ್ ಹಾಕಿ ನಮ್ಮವರು ಪಡೆಯುವುದು ತಮ್ಮದೇ ಹಿಡಿದ ದುಡ್ಡು. ಅಮೆರಿಕದ ಹಾಗೆ ಇಲ್ಲೂ ಬರಲಿ ಎಂದು ಆಸೆಪಡುವವರಿದ್ದಾರೆ. ನನಗೆ ಅನುಮಾನ. ಅದು ನಡೆಯಬೇಕಾದರೆ ದುಡಿಯುವವರೆಲ್ಲ ರಿಟರ್ನ್ ಹಾಕಬೇಕು, ಕೂಲಿಗೆ ಚೀಟಿ ಇರಬೇಕು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರಿಗೆ ಸಂಜೆ ಕೈಗೆ ನೋಟು ಬರುತ್ತದೆ. ಪೇ ಸ್ಲಿಪ್ ಎಲ್ಲಿಂದ ತರುತ್ತಾರೆ?

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತೇನೆ. ವಯಸ್ಸು 34. ಬ್ಯಾಂಕಿನಲ್ಲಿ ಅಟಲ್ ಪೆನ್ಷನ್ ಮಾಡಿಸು ಎಂದರು. ಪ್ಯಾನ್ ಕಾರ್ಡ್ ಇದ್ದರೆ ಅದು ಸಿಗಲ್ಲ ಎಂದು ಪಕ್ಕದವರು ಹೇಳುತ್ತಾರೆ.

ಉತ್ತರ: ಪ್ಯಾನ್‌ಗೂ ಅದಕ್ಕೂ ಸಂಬಂಧವಿಲ್ಲಮ್ಮ. 18ರಿಂದ 40 ವರ್ಷದೊಳಗಿನವರು, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಇರುವವರು ಸೇರಬಹುದು. 60 ಆದ ಮೇಲೆ ತಿಂಗಳಿಗೆ 1,000ದಿಂದ 5,000ದವರೆಗೆ, ನೀವು ಆರಿಸಿಕೊಂಡಷ್ಟು ಪೆನ್ಷನ್. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರನ್ನು ಸೇರಿಸಿಕೊಳ್ಳುತ್ತಿಲ್ಲ. ಕಾಯ್ದೆ ಪ್ರಕಾರ ತೆರಿಗೆ ಕಟ್ಟಬೇಕಾದವರು ಎಂದು ಅದರ ಅರ್ಥ. ಭಟ್ಟಿಯ ಕೂಲಿಗೆ ಆ ಮಾತೇ ಬರುವುದಿಲ್ಲ. ಬೇಗ ಮಾಡಿಸಿ, ವಯಸ್ಸು ಹೆಚ್ಚಾದಷ್ಟೂ ತಿಂಗಳ ಕಂತು ಏರುತ್ತದೆ.

ಪ್ರಶ್ನೆ: ನನಗೆ 62. ಯಜಮಾನರು ತೀರಿಕೊಂಡ ಮೇಲೆ ಬಂದ ಇನ್ಶೂರೆನ್ಸ್ ದುಡ್ಡನ್ನು ಎಫ್‌ಡಿ ಇಟ್ಟಿದ್ದೇನೆ. ಹೋದ ವರ್ಷ 1,26,000 ಬಡ್ಡಿ ಬಂತು, ಬ್ಯಾಂಕ್ 12,600 ಹಿಡಿಯಿತು. ಬೇರೆ ಆದಾಯ ಇಲ್ಲ.
— ಹೊಳಲ್ಕೆರೆ

ಉತ್ತರ: ಹಿಡಿದದ್ದು ಪೂರ್ತಿ ವಾಪಸ್ ಬರುತ್ತದೆ. ಐಟಿಆರ್-1 ಹಾಕಿಸಿ. 60 ದಾಟಿದವರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ಮೀರಿದರೆ ಹಿಡಿಯುತ್ತಾರೆ. ನಿಮ್ಮದು ಮೀರಿದೆ, ಅದಕ್ಕೇ ಹಿಡಿದಿದ್ದಾರೆ. ನಾವೆಲ್ಲ 15ಎಚ್ ಎಂದು ಕರೆದು ರೂಢಿಯಾದ ಫಾರ್ಮನ್ನು ವರ್ಷದ ಮೊದಲಲ್ಲೇ ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಈ ವರ್ಷದ್ದನ್ನು ಈಗಲೇ ಹೋಗಿ ಕೊಡಿ. ಹೊಸ ಕಾಯ್ದೆ ಬಂದಿರುವುದರಿಂದ ನಂಬರ್ ಹೇಳುವ ಬದಲು "ಬಡ್ಡಿಗೆ ಟಿಡಿಎಸ್ ಹಿಡಿಯಬೇಡಿ ಅನ್ನೋ ಫಾರ್ಮ್" ಎಂದು ಕೇಳಿ. ಪ್ರತಿ ವರ್ಷವೂ ಕೊಡಬೇಕು, ಎರಡು ಬ್ಯಾಂಕಿನಲ್ಲಿ ಇಟ್ಟಿದ್ದರೆ ಎರಡು ಕಡೆಯೂ. ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಫ್ಯಾಕ್ಟರಿಯಲ್ಲಿ ಒಬ್ಬರು ಬಂದು, ಎಲ್ಲರಿಗೂ ರೀಫಂಡ್ ತರಿಸಿಕೊಡುತ್ತೇನೆ, ಬಂದದ್ದರಲ್ಲಿ 20 ಪರ್ಸೆಂಟ್ ನನಗೆ ಕೊಡಿ ಎನ್ನುತ್ತಿದ್ದಾರೆ. ಇಬ್ಬರಿಗೆ ಬಂದಿದೆ ಕೂಡ.
— ಹೆಸರು ಬೇಡ ಎಂದವರು, ದಾವಣಗೆರೆ

ಉತ್ತರ: ಬಂದಿರಬಹುದು. ಪ್ರಶ್ನೆ ಏನೆಂದರೆ, ಏನು ತೋರಿಸಿ ತರಿಸಿದ್ದಾರೆ? ಇಂಥ ಖರ್ಚುಗಳನ್ನು ಆದಾಯದಿಂದ ಕಳೆಯಲು ಬಿಡುವ ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕಿ, ಕಟ್ಟದ ಮನೆ ಬಾಡಿಗೆ, ಕೊಡದ ಪಕ್ಷದ ದೇಣಿಗೆ, ಮಾಡಿಸದ ಆರೋಗ್ಯ ವಿಮೆ ಎಲ್ಲ ತುಂಬಿ ರೀಫಂಡ್ ಹುಟ್ಟಿಸುತ್ತಾರೆ. 2025ರ ಜುಲೈನಲ್ಲಿ ಇಲಾಖೆ ಇಂಥ ಏಜೆಂಟರ ಮೇಲೆ ದೇಶದ ಹಲವು ಕಡೆ ದಾಳಿ ಮಾಡಿತು. ನೋಟಿಸ್ ಬರುವುದು ಏಜೆಂಟರಿಗಲ್ಲ, ಪ್ಯಾನ್ ಇರುವ ನಿಮಗೆ. ಆಗ ಬಂದದ್ದನ್ನು ಬಡ್ಡಿ ಸಮೇತ ಕಟ್ಟಬೇಕು, ಸುಳ್ಳು ತೋರಿಸಿದ್ದಕ್ಕೆ ದಂಡ ಬೇರೆ. 20 ಪರ್ಸೆಂಟ್ ತಗೊಂಡವರ ಫೋನ್ ಆ ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ.

ರಿಟರ್ನ್ ಹಾಕಿದ ಮೇಲೆ ಅದರ ಪೂರ್ತಿ ಪಿಡಿಎಫ್ ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲ ಎಂದರೆ ಅವರ ಕೈಗೆ ನಿಮ್ಮ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಆ ಇಬ್ಬರಿಗೂ ಹೇಳಿ, ಮೊದಲು ಅವರವರ ರಿಟರ್ನ್ ತೆಗೆದು ಓದಿಕೊಳ್ಳಲಿ. ಹೋದ ವರ್ಷದ್ದಾಗಿದ್ದು ಏನಾದರೂ ಸುಳ್ಳು ಸೇರಿದ್ದರೆ ಡಿಸೆಂಬರ್ 31ರ ಒಳಗೆ ರಿವೈಸ್ಡ್ ರಿಟರ್ನ್ ಹಾಕಿ ತಾವಾಗಿಯೇ ಸರಿ ಮಾಡಿಕೊಳ್ಳಬಹುದು.